ಬಳಕೆಯ ತುದಿಯಿಂದ ಬಾಯ್ಲರಿನವರೆಗೆ: ಕಾರ್ಖಾನೆಯಲ್ಲಿ ಇಂಧನ ಉಳಿತಾಯದ ಕ್ರಮ

ಕಾರ್ಖಾನೆಯ ಗೇಟು ದಾಟಿ ಒಳಬರುವ ಸೌದೆ, ಕಲ್ಲಿದ್ದಲು, ಡೀಸೆಲ್, ವಿದ್ಯುತ್ತು ಇವು ಯಾವುವೂ ಇದ್ದಹಾಗೇ ಸರಕಿನ ಕೆಲಸಕ್ಕೆ ಒದಗುವುದಿಲ್ಲ. ಸೌದೆ ಬಾಯ್ಲರಿನಲ್ಲಿ ಉರಿದು ನೀರನ್ನು ಹಬೆಯಾಗಿಸುತ್ತದೆ. ಹಬೆ ಉದ್ದನೆಯ ಪೈಪಿನಲ್ಲಿ ಹರಿದು ಬಣ್ಣದ ತೊಟ್ಟಿಯನ್ನು ಮುಟ್ಟುತ್ತದೆ. ಅಲ್ಲಿ ನೀರು ಕಾದು ಬಟ್ಟೆಗೆ ಬಣ್ಣ ಹಿಡಿಯುತ್ತದೆ. ಒಂದೊಂದು ಹಂತದಲ್ಲೂ ಒಂದಷ್ಟು ಶಾಖ ಸೋರಿಹೋಗುತ್ತದೆ. ಬಾಯ್ಲರಿನ ದಕ್ಷತೆ ಶೇ 75 ಇದ್ದು, ಪೈಪಿನ ದಾರಿಯಲ್ಲಿ ಶೇ 10ರಷ್ಟು ಶಾಖ ಕಳೆದುಹೋಗುತ್ತಿದ್ದರೆ, ತೊಟ್ಟಿಗೆ 100 ಪಾಲು ಶಾಖ ಮುಟ್ಟಿಸಲು ಒಲೆಯಲ್ಲಿ ಸುಮಾರು 148 ಪಾಲು ಉರಿಸಬೇಕು. ಹಾಗೆಯೇ ತೊಟ್ಟಿಯಲ್ಲಿ 100 ಪಾಲು ಉಳಿಸಿದರೆ ಒಲೆಯಲ್ಲಿ 148 ಪಾಲು ಉಳಿಯುತ್ತದೆ. ಆದ್ದರಿಂದ ಉಳಿತಾಯದ ಕೆಲಸ ಶುರುವಾಗಬೇಕಾದದ್ದು ಬಳಕೆಯ ತುದಿಯಲ್ಲಿ. ಅಲ್ಲಿಂದ ಹಿಂದಕ್ಕೆ ಪೈಪು, ಮೋಟಾರು. ಕೊನೆಗೆ ಬಾಯ್ಲರು, ಇಂಧನ.

ಸಾಮಾನ್ಯವಾಗಿ ನಡೆಯುವುದು ಇದರ ತಿರುಗುಮುರುಗು. ಮೊದಲು ಹೊಸ ಬಾಯ್ಲರು ಬರುತ್ತದೆ, ಚಾವಣಿಯ ಮೇಲೆ ಸೋಲಾರ್ ಫಲಕ ಏರುತ್ತದೆ, ಸೋರುವ ವಾಲ್ವು ಮಾತ್ರ ಹಾಗೇ ಸೋರುತ್ತಿರುತ್ತದೆ. ಮುಂದೆಂದೋ ಸೋರಿಕೆ ನಿಲ್ಲಿಸಿದಾಗ ಹಬೆಯ ಬೇಡಿಕೆ ಇಳಿಯುತ್ತದೆ. ಆಗ ಹೊಸ ಬಾಯ್ಲರು ಅಗತ್ಯಕ್ಕಿಂತ ದೊಡ್ಡದಾಗಿ ಉಳಿದು, ಅರೆ ಹೊರೆಯಲ್ಲಿ ಓಡುತ್ತ ತನ್ನ ದಕ್ಷತೆಯನ್ನೂ ಕಳೆದುಕೊಳ್ಳುತ್ತದೆ.

ಮೊದಲು ಅಳತೆ

ತಿಂಗಳ ಕರೆಂಟ್ ಬಿಲ್ಲು ಕಡಿಮೆಯಾಯಿತೆಂದ ಮಾತ್ರಕ್ಕೆ ಉಳಿತಾಯವಾಯಿತೆನ್ನಲಾಗದು. ಆ ತಿಂಗಳು ಆರ್ಡರೇ ಕಡಿಮೆ ಇದ್ದಿರಬಹುದು. ಟನ್‌ಗೆ ಎಷ್ಟು ಯೂನಿಟ್ ಎಂದು ಭಾಗಿಸಿ ನೋಡುವುದು ಇದಕ್ಕಿಂತ ಮೇಲು. ಆದರೆ ಅದರಲ್ಲೂ ಒಂದು ಮೋಸವಿದೆ: ಉತ್ಪಾದನೆ ಇಳಿದ ತಿಂಗಳಲ್ಲಿ ಟನ್‌ವಾರು ಲೆಕ್ಕ ತಾನಾಗಿಯೇ ಏರುತ್ತದೆ. ಯಾಕೆಂದರೆ ಬಳಕೆಯ ಒಂದು ಭಾಗಕ್ಕೂ ಉತ್ಪಾದನೆಗೂ ಸಂಬಂಧವೇ ಇರುವುದಿಲ್ಲ.

ಈ ಭಾಗವನ್ನು ಬೇರ್ಪಡಿಸಲು ಉಪಕರಣವೇನೂ ಬೇಡ, ಒಂದು ಗ್ರಾಫ್ ಹಾಳೆ ಸಾಕು. ಹನ್ನೆರಡು ತಿಂಗಳ ಉತ್ಪಾದನೆಯನ್ನು ಅಡ್ಡಕ್ಕೂ ಯೂನಿಟ್ಟುಗಳನ್ನು ಉದ್ದಕ್ಕೂ ಗುರುತಿಸಿ, ಚುಕ್ಕಿಗಳ ನಡುವೆ ಒಂದು ಗೆರೆ ಎಳೆಯಬೇಕು. 100 ಟನ್ ಮಾಡಿದ ತಿಂಗಳು 80,000 ಯೂನಿಟ್, 60 ಟನ್ ಮಾಡಿದ ತಿಂಗಳು 60,000 ಯೂನಿಟ್ ಖರ್ಚಾಗಿದ್ದರೆ, ಹೆಚ್ಚುವರಿ ಟನ್ ಒಂದಕ್ಕೆ ಬೇಕಾದದ್ದು 500 ಯೂನಿಟ್. ಹಾಗಿದ್ದರೆ ಒಂದು ಟನ್ನನ್ನೂ ಮಾಡದಿದ್ದರೂ ತಿಂಗಳಿಗೆ 30,000 ಯೂನಿಟ್ ಹೋಗುತ್ತಿದೆ ಎಂದಾಯಿತು. ಸುಮ್ಮನೆ ಓಡುವ ಕಂಪ್ರೆಸರ್, ರಾತ್ರಿಯೆಲ್ಲ ತಿರುಗುವ ಕೂಲಿಂಗ್ ಟವರ್ ಫ್ಯಾನು, ಯಾರೂ ಆರಿಸದ ದೀಪಗಳು, ಖಾಲಿ ಕಾಯುವ ಓವನ್ನು ಎಲ್ಲವೂ ಈ ಮೂವತ್ತು ಸಾವಿರದೊಳಗಿವೆ. ವಾರದ ರಜೆಯ ದಿನ ಬೆಳಿಗ್ಗೆ ಮತ್ತು ಸಂಜೆ ಮೀಟರ್ ಓದಿ ಬರೆದಿಟ್ಟರೆ ಅದರಲ್ಲಿ ಎಷ್ಟು ಪಾಲು ಬರೀ ದಂಡ ಎಂಬುದು ತಿಳಿಯುತ್ತದೆ. ಮುಂದೆ ಯಾವ ಸುಧಾರಣೆ ಮಾಡಿದರೂ ಅದರ ಫಲವನ್ನು ಇದೇ ಗೆರೆಗೆ ಹೋಲಿಸಿ ನೋಡಬೇಕು: ಆ ತಿಂಗಳ ಟನ್ನುಗಳಿಗೆ ಗೆರೆ ಹೇಳುವ ಯೂನಿಟ್ ಎಷ್ಟು, ನಿಜವಾಗಿ ಬಿದ್ದದ್ದು ಎಷ್ಟು?

ಇಂಗಾಲದ ಲೆಕ್ಕವೂ ಇದರಿಂದಲೇ ಹೊರಡುತ್ತದೆ. ಭಾರತದ ವಿದ್ಯುತ್ ಜಾಲದಿಂದ ಬರುವ ಒಂದು ಯೂನಿಟ್ಟಿನ ಹಿಂದೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಇದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೊ, ಒಂದು ಕಿಲೊ ಎಲ್‌ಪಿಜಿ ಉರಿದರೆ ಸುಮಾರು 3 ಕಿಲೊ ಹೊರಬರುತ್ತದೆ. ಮೇಲಿನ 30,000 ಯೂನಿಟ್ ಅಂದರೆ ತಿಂಗಳಿಗೆ 21 ಟನ್. ಸೌದೆಯನ್ನು ಸೊನ್ನೆ ಎಂದು ಬರೆದುಕೊಳ್ಳುವ ರೂಢಿಯಿದೆ. ಕಡಿದಷ್ಟು ಮರ ಮತ್ತೆ ಬೆಳೆಯುತ್ತಿದ್ದರೆ ಮಾತ್ರ ಆ ಸೊನ್ನೆಗೆ ಅರ್ಥವುಂಟು.

ಸರಕಿನಲ್ಲೇ ಅಡಗಿರುವ ಉಳಿತಾಯ

ಬಳಕೆಯ ತುದಿ ಎಂದರೆ ಯಂತ್ರ ಮಾತ್ರವಲ್ಲ, ಸರಕೂ ಹೌದು. ಬೆಳಗಾವಿಯಂಥ ಊರಿನ ಎರಕದ ಕಾರ್ಖಾನೆಗಳಲ್ಲಿ ಇದು ಎದ್ದು ಕಾಣುತ್ತದೆ. ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಬಿಸಿಗೆ ತರಲು ತತ್ವತಃ 400 ಯೂನಿಟ್ಟಿನ ಆಸುಪಾಸು ಸಾಕು. ನಿಜದಲ್ಲಿ 550ರಿಂದ 700 ಬೀಳುತ್ತದೆ. ಮಾಲೀಕರ ಕಣ್ಣೆಲ್ಲ ಈ ಅಂಕಿಯ ಮೇಲೇ ಇರುತ್ತದೆ. ಆದರೆ ಕರಗಿಸಿದ್ದೆಲ್ಲ ಮಾಲಾಗುವುದಿಲ್ಲ. ಅಚ್ಚಿನೊಳಕ್ಕೆ ಲೋಹ ಹರಿಯುವ ಕಾಲುವೆಗಳಲ್ಲಿ, ಕುಗ್ಗುವಿಕೆ ತುಂಬಲು ಇಟ್ಟ ರೈಸರ್‌ಗಳಲ್ಲಿ ನಿಂತ ಲೋಹವನ್ನು ಮತ್ತೆ ಕರಗಿಸಬೇಕು. ಕರಗಿಸಿದ್ದರಲ್ಲಿ ಶೇ 60 ಮಾತ್ರ ಮಾಲಾದರೆ, ಟನ್‌ಗೆ 600 ಯೂನಿಟ್ ಲೆಕ್ಕದಲ್ಲಿ ಒಂದು ಟನ್ ಮಾಲಿಗೆ 1,000 ಯೂನಿಟ್ ಬೇಕು. ರೈಸರ್ ಗಾತ್ರ, ಜಾಗ ಸರಿಪಡಿಸಿ ಅದನ್ನು ಶೇ 66ಕ್ಕೆ ಏರಿಸಿದರೆ 909 ಯೂನಿಟ್ ಸಾಕು. ಅದರ ಮೇಲೆ ಶೇ 8ರಷ್ಟು ಮಾಲು ರಿಜೆಕ್ಟ್ ಆಗುತ್ತಿದ್ದುದು 4ಕ್ಕೆ ಇಳಿದರೆ ಇನ್ನೂ ನಲವತ್ತು ಯೂನಿಟ್ ಕಡಿಮೆ. ಕುಲುಮೆಯನ್ನು ಯಾರೂ ಮುಟ್ಟಲೇ ಇಲ್ಲ. ಪ್ಯಾಟರ್ನ್ ಮಾಡುವವನೂ ಮರಳಿನ ತೇವ ನೋಡುವವನೂ ಇಂಧನ ಉಳಿಸುವವರೇ ಎಂಬುದನ್ನು ಬಹಳ ಕಡೆ ಯಾರೂ ಅವರಿಗೆ ಹೇಳಿರುವುದಿಲ್ಲ.

ಕುಲುಮೆಯ ಕಡೆ ಬಂದರೆ, ಕಾಯುವಿಕೆಯೇ ದೊಡ್ಡ ನಷ್ಟ. ಅಚ್ಚು ಸಿದ್ಧವಾಗಿಲ್ಲ, ಸ್ಯಾಂಪಲ್ ವರದಿ ಬಂದಿಲ್ಲ, ಕ್ರೇನ್ ಬೇರೆ ಕೆಲಸದಲ್ಲಿದೆ ಎಂದು 1,450 ಡಿಗ್ರಿಯಲ್ಲಿ ಕಾದು ನಿಂತ ಲೋಹ ತೆರೆದ ಬಾಯಿಯಿಂದ ಹತ್ತಾರು ಕಿಲೋವ್ಯಾಟ್ ಶಾಖವನ್ನು ಚಾವಣಿಗೆ ಬೀರುತ್ತಿರುತ್ತದೆ. ಮುಚ್ಚಳವಿರುತ್ತದೆ, ಮೂಲೆಯಲ್ಲಿ ಒರಗಿಸಿಟ್ಟಿರುತ್ತಾರೆ. ತುಕ್ಕು, ಮರಳು ಮೆತ್ತಿದ ಗುಜರಿಯನ್ನು ಹಾಗೇ ಸುರಿದರೆ ಆ ಮರಳೂ ಕಾದು ಕರಗಿ ಕಿಟ್ಟವಾಗುವಷ್ಟು ವಿದ್ಯುತ್ತನ್ನು ತಿನ್ನುತ್ತದೆ.

ಬಟ್ಟೆಗೆ ಬಣ್ಣ ಹಾಕುವಲ್ಲಿ ಇದೇ ಮಾತು ನೀರಿಗೆ ಅನ್ವಯಿಸುತ್ತದೆ. ಒಂದು ಕಿಲೊ ಬಟ್ಟೆಗೆ ಹತ್ತು ಲೀಟರ್ ನೀರನ್ನು 30ರಿಂದ 90 ಡಿಗ್ರಿಗೆ ಕಾಯಿಸಲು 600 ಕಿಲೊಕ್ಯಾಲರಿ ಬೇಕು. ಆರೇ ಲೀಟರಿನಲ್ಲಿ ಕೆಲಸ ಮುಗಿಸುವ ಯಂತ್ರದಲ್ಲಿ 360 ಸಾಕು. ನೀರು, ಉಪ್ಪು, ತ್ಯಾಜ್ಯನೀರು ಶುದ್ಧೀಕರಣದ ಖರ್ಚು ಕೂಡ ಜೊತೆಗೇ ಇಳಿಯುತ್ತದೆ.

ಒಳಗಿನ ಶಾಖವನ್ನು ಒಳಗೇ ತಿರುಗಿಸುವುದಕ್ಕೆ ಹಾಲಿನ ಡೇರಿಗಿಂತ ಒಳ್ಳೆಯ ಮಾದರಿ ಸಿಗದು. ಹಾಲನ್ನು 4 ಡಿಗ್ರಿಯಿಂದ 72 ಡಿಗ್ರಿಗೆ ಕಾಯಿಸಿ, 15 ಸೆಕೆಂಡ್ ಇಟ್ಟು, ಮತ್ತೆ 4 ಡಿಗ್ರಿಗೆ ತಣಿಸಬೇಕು. ಪಾಶ್ಚರೀಕರಣ ಯಂತ್ರದ ಸ್ಟೀಲ್ ಪ್ಲೇಟುಗಳ ಒಂದು ಮಗ್ಗುಲಲ್ಲಿ ಹೊರಹೋಗುವ ಬಿಸಿ ಹಾಲು, ಇನ್ನೊಂದು ಮಗ್ಗುಲಲ್ಲಿ ಒಳಬರುವ ತಣ್ಣನೆಯ ಹಾಲು ಹರಿಯುತ್ತದೆ. ಹೀಗೆ ಶೇ 90ರಷ್ಟು ಶಾಖ ಕೈ ಬದಲಾಯಿಸಿದರೆ ಒಳಬರುವ ಹಾಲು ಪುಕ್ಕಟೆಯಾಗಿ 65 ಡಿಗ್ರಿ ತಲುಪುತ್ತದೆ. ಬಿಸಿನೀರಿನಿಂದ ಕಾಯಿಸಬೇಕಾದದ್ದು ಏಳೇ ಡಿಗ್ರಿ. ಪ್ಲೇಟುಗಳ ಮೇಲೆ ಹಾಲುಗಲ್ಲು ಕೂತು ಈ ಪ್ರಮಾಣ ಶೇ 80ಕ್ಕೆ ಇಳಿಯಿತೆನ್ನಿ. ಕೇಳಲು ಹತ್ತೇ ಅಂಶ. ಆದರೆ ಈಗ ಹಾಲು 58 ಡಿಗ್ರಿಗೇ ನಿಲ್ಲುತ್ತದೆ, ಉಳಿದ 14 ಡಿಗ್ರಿ ಹಬೆಯಿಂದ ಬರಬೇಕು. ಅಂದರೆ ಹಬೆಯ ಖರ್ಚು ಎರಡು ಪಟ್ಟು, ಆಚೆ ಬದಿಯಲ್ಲಿ ತಣಿಸುವ ಯಂತ್ರದ ಹೊರೆಯೂ ಎರಡು ಪಟ್ಟು. ಆ ಜಾಗದ ಥರ್ಮಾಮೀಟರನ್ನು ಪಾಳಿಗೊಮ್ಮೆ ಓದಿ ಬರೆದಿಡುವುದೇ ಇಲ್ಲಿ ದೊಡ್ಡ ಇಂಧನ ಯೋಜನೆ.

ಗಾಳಿ, ಹಬೆ, ಮೋಟಾರು

ಒತ್ತಿದ ಗಾಳಿ ಕಾರ್ಖಾನೆಯೊಳಗಿನ ಅತಿ ದುಬಾರಿ ಇಂಧನ. ಕಂಪ್ರೆಸರ್ ತಿನ್ನುವ ವಿದ್ಯುತ್ತಿನಲ್ಲಿ ಉಪಯುಕ್ತ ಕೆಲಸವಾಗಿ ಮರಳುವುದು ಶೇ 10ರಿಂದ 20 ಮಾತ್ರ; ಮಿಕ್ಕಿದ್ದು ಬಹುಪಾಲು ಬಿಸಿಯಾಗಿ ಹೋಗುತ್ತದೆ. ಕಣ್ಣಿಗೆ ಕಾಣದು, ವಾಸನೆಯಿಲ್ಲ, ನೆಲ ಒದ್ದೆಯಾಗದು. ಹಾಗಾಗಿ ಸೋರಿದರೆ ಯಾರಿಗೂ ಚಿಂತೆಯಿಲ್ಲ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತೊಂದು ಸುಮಾರು 3 ಕಿಲೋವ್ಯಾಟ್ ನುಂಗುತ್ತದೆ.

ಸೋರಿಕೆ ಅಳೆಯುವುದು ಸುಲಭ. ಎಲ್ಲ ಯಂತ್ರಗಳೂ ನಿಂತಿರುವ ಹೊತ್ತಿನಲ್ಲಿ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ, ವಾಚ್ ಹಿಡಿದು ನಿಲ್ಲಬೇಕು. ಗಾಳಿಯನ್ನು ಬಳಸುವವರೇ ಇಲ್ಲದ ಮೇಲೆ ಅದು ಒಮ್ಮೆ ಒತ್ತಡ ತುಂಬಿ ಸುಮ್ಮನಿರಬೇಕು. ಹಾಗಾಗದೆ ಒಂದೂವರೆ ನಿಮಿಷ ಲೋಡ್, ಆರು ನಿಮಿಷ ಅನ್‌ಲೋಡ್ ಎಂದು ತಿರುಗುತ್ತಿದ್ದರೆ, ಏಳೂವರೆ ನಿಮಿಷದಲ್ಲಿ ಒಂದೂವರೆ ನಿಮಿಷ, ಅಂದರೆ ಅದರ ಸಾಮರ್ಥ್ಯದ ಶೇ 20 ಸೋರಿಕೆಗೇ ಹೋಗುತ್ತಿದೆ. 30 ಕಿಲೋವ್ಯಾಟ್ ಯಂತ್ರ ವರ್ಷಕ್ಕೆ 6,000 ಗಂಟೆ ಓಡುವುದಾದರೆ ಇದು 36,000 ಯೂನಿಟ್. ಹುಡುಕಲು ಸಾಬೂನು ನೀರು, ಬ್ರಷ್ ಸಾಕು. ಹೋಸ್ ಕ್ಲಿಪ್ಪು, ಕ್ವಿಕ್ ಕಪ್ಲಿಂಗು, ಡ್ರೇನ್ ವಾಲ್ವು, ಮೂಲೆ ಸೇರಿದ ಹಳೆಯ ಯಂತ್ರಕ್ಕೆ ಇನ್ನೂ ಹೋಗುತ್ತಿರುವ ಲೈನು: ಸೋರಿಕೆ ಇರುವುದು ಬಹುತೇಕ ಇಲ್ಲೇ. ಒತ್ತಡವನ್ನು 1 ಬಾರ್ ಇಳಿಸಿದರೆ ಶೇ 6-7 ವಿದ್ಯುತ್ ಉಳಿಯುತ್ತದೆ. ಕಂಪ್ರೆಸರ್ ಎಳೆದುಕೊಳ್ಳುವ ಗಾಳಿ 4 ಡಿಗ್ರಿ ಬಿಸಿಯಾದರೆ ಶೇ 1 ಹೆಚ್ಚು ಬೇಕಾಗುತ್ತದೆ. ಅದನ್ನು ಬಾಯ್ಲರಿನ ಪಕ್ಕದ ಕೋಣೆಯಲ್ಲಿ ಇಡಬಾರದು ಎನ್ನುವುದು ಇದಕ್ಕೇ. ಬೆಂಚಿನ ಧೂಳು ಹಾರಿಸಲು, ಸೆಖೆಗೆ ಮೈಗೆ ಬಿಟ್ಟುಕೊಳ್ಳಲು ಈ ಗಾಳಿಯನ್ನು ಬಳಸುವುದು ದುಬಾರಿಯಷ್ಟೇ ಅಲ್ಲ, ಅಪಾಯವೂ ಹೌದು.

ಹಬೆಯ ಸೋರಿಕೆ ಕಣ್ಣಿಗೆ ಬೀಳುತ್ತದೆ, ಸದ್ದೂ ಮಾಡುತ್ತದೆ. ಆದರೂ ಮುಂದಿನ ಶಟ್‌ಡೌನಿಗೆ ನೋಡೋಣ ಎಂಬ ಮಾತಿನಲ್ಲೇ ತಿಂಗಳುಗಳು ಹೋಗುತ್ತವೆ. 7 ಬಾರ್ ಲೈನಿನ 3 ಮಿಲಿಮೀಟರ್ ತೂತಿನಿಂದ ಗಂಟೆಗೆ 25ರಿಂದ 30 ಕಿಲೊ ಹಬೆ ಹೋಗುತ್ತದೆ. ಒಂದು ಕಿಲೊ ಸೌದೆಗೆ ಮೂರು ಕಿಲೊ ಹಬೆ ಎಂದರೂ ದಿನಕ್ಕೆ ಎರಡು ಕ್ವಿಂಟಲ್ ಸೌದೆ ಆ ತೂತಿಗೆ ಮೀಸಲು. ಶಾಖ ತಡೆಯುವ ಹೊದಿಕೆ ಇಲ್ಲದ, 150 ಡಿಗ್ರಿ ಬಿಸಿಯ ಪೈಪಿನ ಮೈ ಪ್ರತಿ ಚದರ ಮೀಟರಿಗೆ ಒಂದೂವರೆ ಕಿಲೋವ್ಯಾಟ್‌ನಷ್ಟು ಶಾಖ ಕಳೆದುಕೊಳ್ಳುತ್ತದೆ. ಉದ್ದನೆಯ ಪೈಪಿಗೆ ಹೊದಿಕೆ ಹಾಕಿ, ವಾಲ್ವು, ಫ್ಲಾಂಜ್‌ಗಳನ್ನು ರಿಪೇರಿಗೆ ಅನುಕೂಲವೆಂದು ಬರಿಮೈ ಬಿಡುವುದು ವಾಡಿಕೆ. ಬಿಚ್ಚಿ ಹಾಕಬಹುದಾದ ಹೊದಿಕೆಗಳು ಸಿಗುತ್ತವೆ.

ಕೆಲಸ ಮುಗಿಸಿ ನೀರಾದ ಹಬೆಗೆ, ಅಂದರೆ ಕಂಡೆನ್ಸೇಟ್‌ಗೆ, ಇನ್ನೂ ಬೆಲೆಯಿದೆ. 7 ಬಾರ್ ಹಬೆಯ ಒಟ್ಟು ಶಾಖದಲ್ಲಿ ಸುಮಾರು ಕಾಲು ಭಾಗ ಈ ನೀರಿನಲ್ಲೇ ಉಳಿದಿರುತ್ತದೆ. ಅದನ್ನು ಚರಂಡಿಗೆ ಬಿಟ್ಟು ಬಾಯ್ಲರಿಗೆ ತಣ್ಣೀರು ತುಂಬುವುದೆಂದರೆ ಶಾಖದ ಜೊತೆಗೆ ಮೆದುಗೊಳಿಸಿದ ನೀರಿನ ಖರ್ಚನ್ನೂ ಎಸೆದಂತೆ. ಬಾಯ್ಲರಿಗೆ ಹೋಗುವ ನೀರು 6 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಶೇ 1 ಇಂಧನ ಉಳಿಯುತ್ತದೆ. ಕಂಡೆನ್ಸೇಟನ್ನು ಬಿಟ್ಟು ಹಬೆಯನ್ನು ತಡೆಯುವುದು ಸ್ಟೀಮ್ ಟ್ರ್ಯಾಪ್‌ನ ಕೆಲಸ. ಅದು ತೆರೆದುಕೊಂಡೇ ಕೆಟ್ಟರೆ ಹಬೆ ಹಾಗೇ ದಾಟಿಹೋಗುತ್ತದೆ. ಯಂತ್ರ ಚೆನ್ನಾಗಿಯೇ ಕಾಯುತ್ತಿರುವುದರಿಂದ ಆಪರೇಟರಿಗೆ ಅನುಮಾನವೇ ಬರುವುದಿಲ್ಲ. ಮುಚ್ಚಿಕೊಂಡು ಕೆಟ್ಟರೆ ಮಾತ್ರ ದೂರು ಬರುತ್ತದೆ. ಆದ್ದರಿಂದ ದೂರಿಗೆ ಕಾಯದೆ ಟ್ರ್ಯಾಪ್‌ಗಳಿಗೆ ನಂಬರು ಹಾಕಿ ಸರದಿಯಲ್ಲಿ ಪರೀಕ್ಷಿಸಬೇಕು.

ಮೋಟಾರಿನ ವಿಚಾರದಲ್ಲಿ ಕೊಳ್ಳುವ ಬೆಲೆ ಗೌಣ. 15 ಕಿಲೋವ್ಯಾಟ್ ಮೋಟಾರು ವರ್ಷಕ್ಕೆ 6,000 ಗಂಟೆ ಪೂರ್ಣ ಹೊರೆಯಲ್ಲಿ ಓಡಿದರೆ ಸುಮಾರು ಒಂದು ಲಕ್ಷ ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ ಎಂಟು ಲಕ್ಷ. ಈ ಗಾತ್ರದಲ್ಲಿ ಐಇ1 ದರ್ಜೆಯ ಹಳೆಯ ಮೋಟಾರಿನ ದಕ್ಷತೆ ಶೇ 88.7, ಐಇ3ರದ್ದು 92.1. ವ್ಯತ್ಯಾಸ ವರ್ಷಕ್ಕೆ 3,700 ಯೂನಿಟ್, ಹತ್ತಿರ ಹತ್ತಿರ 30,000 ರೂಪಾಯಿ. ಓಡುತ್ತಿರುವ ಮೋಟಾರನ್ನು ಕಿತ್ತೆಸೆಯಬೇಕಿಲ್ಲ. ಸುಟ್ಟುಹೋದ ದಿನ ರಿವೈಂಡಿಂಗಿಗೆ ಕಳಿಸುವ ಮುನ್ನ ಈ ಲೆಕ್ಕ ಹಾಕಿದರೆ ಸಾಕು.

ಪಂಪು, ಫ್ಯಾನುಗಳಲ್ಲಿ ಉಳಿತಾಯ ಇದಕ್ಕಿಂತ ದೊಡ್ಡದು. ಇವು ತಿನ್ನುವ ಶಕ್ತಿ ವೇಗದ ಘನಕ್ಕೆ ಅನುಗುಣ: ವೇಗ ಶೇ 80ಕ್ಕೆ ಇಳಿದರೆ ಶಕ್ತಿ ಶೇ 51ಕ್ಕೆ ಇಳಿಯುತ್ತದೆ. ವಾಲ್ವನ್ನು ಅರ್ಧ ಮುಚ್ಚಿ ಹರಿವು ಕಡಿಮೆ ಮಾಡುವ ಬದಲು ಮೋಟಾರಿನ ವೇಗ ಬದಲಿಸುವ ಸಾಧನವಾದ ವಿಎಫ್‌ಡಿ ಹಾಕಿ ವೇಗ ಇಳಿಸಬೇಕು ಎನ್ನುವುದು ಇದರಿಂದ. ಆದರೆ ನೀರನ್ನು ಎತ್ತರದ ಟ್ಯಾಂಕಿಗೆ ಏರಿಸುವುದೇ ಮುಖ್ಯ ಕೆಲಸವಾದ ಪಂಪಿಗೆ ಈ ಘನದ ಲೆಕ್ಕ ಪೂರ್ತಿ ದಕ್ಕುವುದಿಲ್ಲ, ಸದಾ ಪೂರ್ಣ ಹೊರೆಯಲ್ಲಿ ಓಡುವ ಮೋಟಾರಿಗೆ ವಿಎಫ್‌ಡಿ ಹೆಚ್ಚುವರಿ ನಷ್ಟವೇ. ಕೆಪ್ಯಾಸಿಟರ್ ಹಾಕಿ ಪವರ್ ಫ್ಯಾಕ್ಟರ್ ಸರಿಪಡಿಸುವುದು ಒಳ್ಳೆಯದು, ಅದರಿಂದ ದಂಡಶುಲ್ಕ ಮತ್ತು ಡಿಮ್ಯಾಂಡ್ ಶುಲ್ಕ ಕಡಿಮೆಯಾಗುತ್ತದೆ. ಮೋಟಾರು ತಿನ್ನುವ ಯೂನಿಟ್ ಮಾತ್ರ ಇಳಿಯುವುದಿಲ್ಲ. ಮೇನ್ ಬೋರ್ಡಿಗೆ ಸಿಕ್ಕಿಸಿದರೆ ಶೇ 30 ಉಳಿತಾಯ ಎಂದು ಮಾರುವ ಡಬ್ಬಿಗಳನ್ನು ಈ ಮಾತು ನೆನಪಿಟ್ಟುಕೊಂಡು ನೋಡಬೇಕು.

ಬಾಯ್ಲರು ಮತ್ತು ಇಂಧನ

ಇಷ್ಟಾದ ಮೇಲೆ ಬಾಯ್ಲರು. ಇಲ್ಲಿ ಹೆಚ್ಚಿನ ನಷ್ಟ ಚಿಮಣಿಯಿಂದ. ಉರಿಯಲು ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಬಿಟ್ಟರೆ ಆ ಗಾಳಿಯೆಲ್ಲ ಕಾದು ಹೊರಹೋಗುತ್ತದೆ. ಹೊಗೆಯಲ್ಲಿ ಆಮ್ಲಜನಕ ಶೇ 6 ಇದ್ದರೆ ಹೆಚ್ಚುವರಿ ಗಾಳಿ ಶೇ 40. ಶೇ 12 ಇದ್ದರೆ ಅದು 133. ಚಿಮಣಿಯ ಬಿಸಿ 220 ಡಿಗ್ರಿ ಇರುವ ಸೌದೆ ಬಾಯ್ಲರಿನಲ್ಲಿ ಈ ವ್ಯತ್ಯಾಸವೊಂದೇ ಸೌದೆಯ ಶೇ 6ರಷ್ಟನ್ನು ತಿನ್ನುತ್ತದೆ. ಸೌದೆ ಹಾಕುವ ಬಾಗಿಲನ್ನು ಸದಾ ತೆರೆದಿಡುವುದು ಇದಕ್ಕೆ ಮುಖ್ಯ ಕಾರಣ. ಹೊಗೆಯ ಬಿಸಿ 22 ಡಿಗ್ರಿ ಇಳಿದರೆ ಶೇ 1 ಇಂಧನ ಉಳಿಯುತ್ತದೆ. ಹೊರೆ ಅಷ್ಟೇ ಇದ್ದು ದಿನದಿಂದ ದಿನಕ್ಕೆ ಚಿಮಣಿ ಬಿಸಿಯಾಗುತ್ತಿದ್ದರೆ ಟ್ಯೂಬಿನ ಒಂದು ಬದಿಗೆ ಮಸಿ ಅಥವಾ ಇನ್ನೊಂದು ಬದಿಗೆ ಗಾರು ಕಟ್ಟಿದೆ ಎಂದೇ ತಿಳಿಯಬೇಕು.

ಸೌದೆಯ ತೇವ ಬೇರೆಯೇ ಕಥೆ. ಶೇ 20 ತೇವದ ಸೌದೆಯಲ್ಲಿ ಕಿಲೊಗೆ ಸುಮಾರು 3,400 ಕಿಲೊಕ್ಯಾಲರಿ ಕೈಗೆ ಸಿಗುತ್ತದೆ, ಶೇ 50 ತೇವದ ಹಸಿ ಸೌದೆಯಲ್ಲಿ 1,900. ಸೌದೆಯನ್ನು ಟನ್ ಲೆಕ್ಕದಲ್ಲಿ ಕೊಳ್ಳುವವರು ನೀರಿಗೂ ದುಡ್ಡು ಕೊಟ್ಟು, ಆ ನೀರನ್ನು ಆವಿ ಮಾಡಲು ಮತ್ತೆ ಸೌದೆ ಸುಡುತ್ತಾರೆ. ಒಂದು ಶೆಡ್ಡು ಕಟ್ಟಿ ಎರಡು ಮೂರು ತಿಂಗಳು ಒಣಗಿಸುವುದಕ್ಕಿಂತ ಅಗ್ಗದ ಉಪಾಯ ಇಲ್ಲ.

ಇಂಧನ ಬದಲಾಯಿಸುವ ಮಾತು ಬಂದಾಗ ಎಲ್ಲವನ್ನೂ ವಿದ್ಯುತ್ತಿಗೆ ತಂದರೆ ಹೊಗೆ ಇಳಿಯುತ್ತದೆ ಎಂಬ ನಂಬಿಕೆಯಿದೆ. ಇದು ಅರ್ಧ ಸತ್ಯ. ಡೀಸೆಲ್ ಬಾಯ್ಲರಿನಿಂದ ಒಂದು ಕಿಲೋವ್ಯಾಟ್-ಗಂಟೆ ಶಾಖ ಪಡೆದರೆ ಸುಮಾರು 0.33 ಕಿಲೊ ಇಂಗಾಲದ ಡೈಆಕ್ಸೈಡ್, ಕಲ್ಲಿದ್ದಲಿನಿಂದ 0.45ರ ಆಸುಪಾಸು. ಅದೇ ಶಾಖವನ್ನು ಜಾಲದ ವಿದ್ಯುತ್ತಿನ ಸಾಧಾರಣ ಹೀಟರಿನಿಂದ ಪಡೆದರೆ 0.7. ಹೊಗೆ ಕಾರ್ಖಾನೆಯಿಂದ ವಿದ್ಯುತ್ ಸ್ಥಾವರಕ್ಕೆ ವರ್ಗವಾಯಿತಷ್ಟೆ, ಅದೂ ಹೆಚ್ಚಾಗಿ. ಒಂದು ಯೂನಿಟ್ಟಿಗೆ ಮೂರು ಯೂನಿಟ್ ಶಾಖ ಎತ್ತಿಕೊಡುವ ಹೀಟ್ ಪಂಪ್ ಆದರೆ 0.23ಕ್ಕೆ ಇಳಿಯುತ್ತದೆ. ಹೀಗಾಗಿ 60-80 ಡಿಗ್ರಿಯ ಬಿಸಿನೀರಿಗೆ ಹೀಟ್ ಪಂಪ್, ಬಿಸಿಲಿರುವ ಕಡೆ ಸೋಲಾರ್ ವಾಟರ್ ಹೀಟರ್ ಒಪ್ಪುತ್ತದೆ. ಅಷ್ಟು ಬಿಸಿನೀರಿಗಾಗಿ 7 ಬಾರ್ ಹಬೆ ಮಾಡುವ ಅಗತ್ಯವೇ ಇಲ್ಲ.

ಇಂಧನ ಉಳಿಸಿದರೂ ನಿಲ್ಲದ ಹೊಗೆ

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡ ಸುತ್ತಿನ ಸಿಮೆಂಟ್ ಕಾರ್ಖಾನೆಗಳಿಗೆ ಈವರೆಗಿನ ಲೆಕ್ಕ ಸಾಲದು. ಸುಣ್ಣದ ಕಲ್ಲನ್ನು ಸುಟ್ಟಾಗ ಕಲ್ಲಿನೊಳಗೇ ಇದ್ದ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಶುದ್ಧ ಕಲ್ಲಾದರೆ ತೂಕದ ಶೇ 44. ಕಲ್ಲು ಸುಟ್ಟು ಸಿಗುವ ಕ್ಲಿಂಕರ್ ಒಂದು ಟನ್‌ಗೆ ಅರ್ಧ ಟನ್ನಿಗಿಂತ ಹೆಚ್ಚು ಹೀಗೆ ಬರುತ್ತದೆ, ಉರಿಸುವ ಇಂಧನದ ಪಾಲು ಇದಕ್ಕಿಂತ ಕಡಿಮೆ. ಗೂಡನ್ನು ಬಿಸಿಲಿನಿಂದಲೇ ಕಾಯಿಸಿದರೂ ಕಲ್ಲಿನ ಪಾಲು ತಪ್ಪದು. ಇಲ್ಲಿಯೂ ದಾರಿ ಇರುವುದು ಸರಕಿನ ತುದಿಯಲ್ಲೇ: ಸಿಮೆಂಟಿನಲ್ಲಿ ಕ್ಲಿಂಕರನ್ನು ಕಡಿಮೆ ಮಾಡುವುದು. ಭಾರತೀಯ ಮಾನಕದಂತೆ ಪೊಜೊಲಾನಾ ಸಿಮೆಂಟಿಗೆ ಶೇ 15ರಿಂದ 35 ಹಾರುಬೂದಿ, ಸ್ಲ್ಯಾಗ್ ಸಿಮೆಂಟಿಗೆ ಶೇ 25ರಿಂದ 70 ಕಬ್ಬಿಣದ ಕಿಟ್ಟ ಸೇರಿಸಬಹುದು. ಬೂದಿ ರಾಯಚೂರಿನ ಶಕ್ತಿನಗರದಲ್ಲಿ, ಕಿಟ್ಟ ತೋರಣಗಲ್ಲಿನಲ್ಲಿ ಸಿಗುತ್ತದೆ. ಈ ಸಿಮೆಂಟುಗಳು ಮೊದಲ ದಿನಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತವೆ, ಕ್ಯೂರಿಂಗ್‌ಗೆ ಇನ್ನಷ್ಟು ದಿನ ನೀರು ಬೇಡುತ್ತವೆ. ಮನೆ ಕಟ್ಟುವ ಮೇಸ್ತ್ರಿಗೆ ಇದನ್ನು ತಿಳಿಸಿಕೊಡದಿದ್ದರೆ ದೂರು ಸಿಮೆಂಟಿನ ಮೇಲೆ ಬರುತ್ತದೆ.

ಕಾಯಿದೆ ಮತ್ತು ಆಡಿಟ್

ಭಾರತದಲ್ಲಿ ಇಂಧನ ಸಂರಕ್ಷಣಾ ಕಾಯಿದೆ ಬಂದದ್ದು 2001ರಲ್ಲಿ. ಮರುವರ್ಷ ಇಂಧನ ದಕ್ಷತಾ ಬ್ಯೂರೊ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ಇದರ ನಿಯೋಜಿತ ಸಂಸ್ಥೆ ಕ್ರೆಡಲ್. ಸಿಮೆಂಟ್, ಉಕ್ಕು, ಕಾಗದ, ರಸಗೊಬ್ಬರ, ಜವಳಿ ಮುಂತಾದ ಎಂಟು ವಲಯಗಳ 478 ಘಟಕಗಳಿಗೆ 2012ರಿಂದ 2015ರವರೆಗೆ ಇಂಧನ ಬಳಕೆಯ ಗುರಿ ಕೊಡಲಾಯಿತು. ಗುರಿ ಮೀರಿ ಉಳಿಸಿದವರು ಪ್ರಮಾಣಪತ್ರ ಮಾರಬಹುದಿತ್ತು, ಮುಟ್ಟದವರು ಕೊಳ್ಳಬೇಕಿತ್ತು. ಆ ಸುತ್ತಿನಲ್ಲಿ 86 ಲಕ್ಷ ಟನ್ ತೈಲಕ್ಕೂ ಹೆಚ್ಚಿನ ಇಂಧನ ಉಳಿಯಿತು. 2022ರ ತಿದ್ದುಪಡಿ ಇಂಗಾಲದ ಕ್ರೆಡಿಟ್ ವ್ಯಾಪಾರಕ್ಕೆ ದಾರಿ ಮಾಡಿತು, 2023ರಲ್ಲಿ ಅದರ ಯೋಜನೆ ಪ್ರಕಟವಾಯಿತು.

ಸಣ್ಣ ಕಾರ್ಖಾನೆಗಳು ಈ ಕಡ್ಡಾಯದ ಹೊರಗಿವೆ. ಆದರೂ ಬ್ಯೂರೊದ ಪರೀಕ್ಷೆ ಪಾಸಾದ ಆಡಿಟರನ್ನು ಕರೆಸಿ ಆಡಿಟ್ ಮಾಡಿಸಿಕೊಳ್ಳಬಹುದು. ಅವರ ವರದಿ ಕೈಗೆ ಬಂದಾಗ ಉಳಿತಾಯದ ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ಅದರ ಹಿಂದಿನ ಅಳತೆಗಳನ್ನು: ಯಾವ ಮೋಟಾರಿಗೆ, ಯಾವ ಹೊರೆಯಲ್ಲಿ, ಎಷ್ಟು ಹೊತ್ತು ಮೀಟರ್ ಕಟ್ಟಿ ಅಳೆದರು, ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆಂದು ಹಿಡಿದರು, ಒಂದು ಸಲಹೆಯ ಉಳಿತಾಯವನ್ನು ಇನ್ನೊಂದರಲ್ಲಿ ಮತ್ತೆ ಎಣಿಸಿದ್ದಾರೆಯೇ. ಸೋರಿಕೆ ನಿಲ್ಲಿಸಿದ ಮೇಲಿನ ಬೇಡಿಕೆಗೆ ಹೊಸ ಕಂಪ್ರೆಸರಿನ ಗಾತ್ರ ಲೆಕ್ಕ ಹಾಕಿದ್ದಾರೋ, ಈಗಿನ ಬೇಡಿಕೆಗೋ ಎಂಬುದನ್ನೂ ಕೇಳಬೇಕು. ನೇಮ್‌ಪ್ಲೇಟಿನ ಅಂಕಿಗಳನ್ನೇ ಗುಣಿಸಿ ಬರೆದ ವರದಿಯನ್ನು ಹಣ ಪಾವತಿಸುವ ಮೊದಲೇ ವಾಪಸು ಕಳಿಸಿ ಅಳತೆ ಮಾಡಿಸುವುದು ಸರಿ.